ಹೋಲಿಕೆಯ ಬಾಟಲಿ

ಬೆಳಿಗ್ಗೆ ಹತ್ತೂವರೆಗೆ, ಅಂಗಡಿಯಿಂದ ವಾಪಸ್ ಬಂದ ಲೋಷನ್ ಬಾಟಲಿಯೊಂದನ್ನು ಮೂಸಿ ಅವಳು "ವ್ಯತ್ಯಾಸ ಇಲ್ಲ" ಎಂದಳು.

ಕೆಮಿಸ್ಟ್ ಹೊಸ್ತಿಲಿನ ಆಚೆ ನಿಂತಿದ್ದ. ಮೂಸುವ ಕೋಣೆಗೆ ಮೂಸುವವರನ್ನು ಬಿಟ್ಟು ಬೇರೆ ಯಾರೂ ಕಾಲಿಡುವಂತಿರಲಿಲ್ಲ. ಒಬ್ಬೊಬ್ಬರ ಮೈಮೇಲೂ ಒಂದೊಂದು ಸಾಬೂನು, ಒಂದೊಂದು ತಲೆಎಣ್ಣೆ, ಬೆಳಗಿನ ಕಾಫಿಯ ಒಂದಷ್ಟು ಉಸಿರು ಇರುತ್ತದೆ. ಅದೆಲ್ಲ ಒಳಗೆ ಬಂದರೆ ಕೋಣೆಯ ಗಾಳಿ ಕೆಡುತ್ತದೆ.

"ಇನ್ನೊಂದ್ಸಲ ನೋಡ್ತೀರಾ ಅಕ್ಕಾ?"

ನೋಡಿದಳು. ಕಾಗದದ ಎರಡು ತೆಳು ಪಟ್ಟಿಗಳನ್ನು ತೆಗೆದುಕೊಂಡು, ಒಂದರ ತುದಿಯನ್ನು ವಾಪಸ್ ಬಂದ ಬಾಟಲಿಗೆ, ಇನ್ನೊಂದರದ್ದನ್ನು ಮೇಜಿನ ಮೇಲಿದ್ದ ಹೋಲಿಕೆಯ ಬಾಟಲಿಗೆ ಅದ್ದಿದಳು. ಕಣ್ಣು ಮುಚ್ಚಿ ಮೊದಲು ಎಡಗೈಯದು, ಆಮೇಲೆ ಬಲಗೈಯದು, ಮತ್ತೆ ಎಡಗೈಯದು. ನಂತರ ಒಂದೊಂದು ತೊಟ್ಟನ್ನು ಒಂದೊಂದು ಮುಂಗೈಗೆ ಸವರಿ, ಚರ್ಮದ ಕಾವಿಗೆ ವಾಸನೆ ಮೇಲೇಳುವ ತನಕ ಕಾದು, ಇನ್ನೊಮ್ಮೆ ಮೂಸಿದಳು.

"ಇದು ಅದರ ಹಾಗೇ ಇದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಕೆಮಿಸ್ಟ್ ತನ್ನ ಬೂಟಿನ ತುದಿ ನೋಡಿಕೊಂಡ. ಕೆಟ್ಟ ಸುದ್ದಿ ಹೇಳುವ ಮೊದಲು ಅವನು ಮಾಡುವ ಕೆಲಸ ಅದು.

"ಮಾರಾಟದವರು ಪೆಟ್ಟಿಗೆ ತಂದಿಟ್ಟಾಗ ನಾನೂ ಮೂಸಿದೆ ಅಕ್ಕಾ. ಮುಚ್ಚಳ ಪೂರ್ತಿ ತೆಗೆಯೋಕೂ ಮುಂಚೆನೇ ಬಂತು. ಹಳೇ ಎಣ್ಣೆ ಡಬ್ಬಿ ಇದ್ದ ಹಾಗೆ. ನಂದೇನು ಮಹಾ ಮೂಗಲ್ಲ. ಆದ್ರೂ..."

"ಆದ್ರೂ?"

"ಆದ್ರೂ ಅದು ನಾರ್ತಿದೆ."

ಅವಳು ಎರಡೂ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು.

"ನೆಗಡಿ ಏನಾದ್ರೂ...?"

"ನೆಗಡಿ ಇಲ್ಲ."

"ಸೋಮವಾರ ಕಂಪನಿ ಡಾಕ್ಟ್ರ ಹತ್ರ ಒಂದು ಮೂಗಿನ ಪರೀಕ್ಷೆ ಮಾಡಿಸಿಬಿಡೋಣ. ಏನಿಲ್ಲ ಅಂದ್ರೆ ನಿಶ್ಚಿಂತೆ. ಏನಾದ್ರೂ ಇದೆ ಅಂದ್ರೆ, ಪ್ಯಾಕಿಂಗ್‌ನಲ್ಲಿ ಒಂದು ಜಾಗ ಖಾಲಿ ಇದೆ. ಕೂತು ಮಾಡೋ ಕೆಲಸಾನೇ." ಅವನು ದನಿ ತಗ್ಗಿಸಿದ. "ಇವತ್ತು ಮನೆಗೆ ಹೋಗಿ ಅಕ್ಕಾ. ವಿಶ್ರಾಂತಿ ತಗೊಳ್ಳಿ."

ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಇಡೀ ಕಾರ್ಖಾನೆ ಅವಳನ್ನು ಮೂಗಕ್ಕ ಎಂದು ಕರೆಯುತ್ತಿತ್ತು. ಮೊದಲು ತಮಾಷೆಗೆ, ಆಮೇಲೆ ಗೌರವಕ್ಕೆ, ಈಗ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟು ಬೇರೆ ಯಾರಿಗೂ ಬೇಕಿರಲಿಲ್ಲ. ಮೂಗಕ್ಕನ ಮನೆಗೆ ಕಳ್ಳ ಹೊಕ್ಕರೆ ಪೊಲೀಸರಿಗೆ ಅವನ ಸಾಬೂನಿನ ಬ್ರ್ಯಾಂಡು ಹೇಳುತ್ತಾಳೆ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ನಗುವಾಗಲೂ ಅವಳಿಂದ ಎರಡು ಮೇಜು ಆಚೆ ಕೂರುತ್ತಿದ್ದರು. ಬೆಳಿಗ್ಗೆ ಸೆಂಟು ಹಾಕಿಕೊಂಡು ಬಂದವರು ಅವಳನ್ನು ಕಂಡರೆ ಪಕ್ಕದ ಮೆಟ್ಟಿಲು ಹಿಡಿಯುತ್ತಿದ್ದರು. ಅವರ ತಪ್ಪಲ್ಲ, ಕಂಪನಿಯ ಸೂಚನೆಯೇ ಹಾಗಿತ್ತು.

ಕೆಲಸ ಹೇಳಲು ಸುಲಭ. ಚರ್ಮಕ್ಕೆ ಹಚ್ಚುವ ಲೋಷನ್ ಎಂದರೆ ಎಣ್ಣೆಗೂ ನೀರಿಗೂ ಮಾಡಿಸಿದ ಬಲವಂತದ ಮದುವೆ. ಅದರೊಳಗಿನ ಎಣ್ಣೆಗೆ ಗಾಳಿ, ಬೆಳಕು, ಬಿಸಿ ಈ ಮೂರರಲ್ಲಿ ಯಾವುದು ತಾಗಿದರೂ ಕಮಟಾಗುತ್ತದೆ. ತಡೆಯಲು ಒಂದಿಷ್ಟು ಮದ್ದು ಬೆರೆಸಿರುತ್ತಾರೆ. ಮದ್ದು ಇರುವ ತನಕ ಎಣ್ಣೆಯ ಬದಲು ಅದೇ ಸವೆಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಮದ್ದು ಮುಗಿದ ಮೇಲೆ ಕೇಳುವವರಿಲ್ಲ. ಮೊದಲು ಸುವಾಸನೆ ಚಪ್ಪೆಯಾಗುತ್ತದೆ. ಆಮೇಲೆ ರಟ್ಟಿನ ಪೆಟ್ಟಿಗೆಯಂಥ ವಾಸನೆ, ಆಮೇಲೆ ಮಕ್ಕಳ ಮೇಣದ ಬಣ್ಣದ ಕಡ್ಡಿ, ಕೊನೆಗೆ ಮೂಲೆಯಲ್ಲಿ ಮರೆತುಹೋದ ಕಡಲೆಕಾಯಿ ಎಣ್ಣೆಯ ಡಬ್ಬಿ.

ಅಂಗಡಿಯಲ್ಲಿ ಹೀಗಾಗುವ ಮೊದಲೇ ತಿಳಿಯಬೇಕು. ಅದಕ್ಕಾಗಿ ಪ್ರತಿ ತಯಾರಿಕೆಯ ಕೆಲವು ಬಾಟಲಿಗಳನ್ನು ಬಿಸಿ ಬೀರುವಿನಲ್ಲಿಟ್ಟು ಬೇಗ ಮುದಿಯಾಗಿಸುತ್ತಾರೆ. ಅದೇ ತಯಾರಿಕೆಯ ಇನ್ನು ಕೆಲವನ್ನು ಕಂದು ಗಾಜಿನ ಪುಟ್ಟ ಬಾಟಲಿಗಳಲ್ಲಿ ಕತ್ತಿನ ತನಕ ತುಂಬಿ, ಸೀಲು ಹಾಕಿ, ತಣ್ಣನೆ ಬೀರುವಿನಲ್ಲಿಡುತ್ತಾರೆ. ಇವು ಹೋಲಿಕೆಯ ಬಾಟಲಿಗಳು. ಪ್ರಯೋಗಾಲಯದ ಯಂತ್ರ ಎಣ್ಣೆಯ ಲೆಕ್ಕ ನೋಡುವುದು ಕಾಲಕಾಲಕ್ಕೆ. ನಡುವಿನ ವಾರಗಳಲ್ಲಿ ಮೂಗೇ ಗತಿ. ಚೆನ್ನಾಗಿದೆ, ಕೆಟ್ಟಿದೆ ಎನ್ನುವುದು ಮೂಸುವವರ ಕೆಲಸವಲ್ಲ. ಇದು ಅದರ ಹಾಗಿದೆಯೋ ಇಲ್ಲವೋ, ಅಷ್ಟೇ. ಅವಳು ದಿನದಿನವೂ ಈ ಲೋಷನ್ನಿಗೆ "ವ್ಯತ್ಯಾಸ ಇಲ್ಲ" ಎಂದಿದ್ದಳು. ಆ ಮಾತನ್ನು ನಂಬಿ ಲೋಷನ್ ಅಂಗಡಿಗೆ ಹೋಗಿತ್ತು.

ಒಂದು ಕಾಲದಲ್ಲಿ ಕೋಣೆಯಲ್ಲಿ ಮೂವರಿದ್ದರು. ಒಬ್ಬಾಕೆ ಬಸುರಿಯಾದ ಮೇಲೆ ಯಾವ ವಾಸನೆಯೂ ಸೇರದೆ ಕಚೇರಿ ಕೆಲಸಕ್ಕೆ ಹೋದವಳು ಮತ್ತೆ ಬರಲಿಲ್ಲ. ಇನ್ನೊಬ್ಬರು ಹಿರಿಯರು, ಎಂಜಲು ಮೇಷ್ಟ್ರು. ಒಮ್ಮೆ ಮುಚ್ಚಳ ತೆಗೆದ ಬಾಟಲಿಯೆಲ್ಲ ಅವರ ಪಾಲಿಗೆ ಎಂಜಲು. "ಗಾಳಿ ಬಾಯಿ ಹಾಕಿದ್ಮೇಲೆ ಮುಗೀತು ಕಣಮ್ಮಾ" ಎನ್ನುತ್ತ ಉಳಿದದ್ದನ್ನು ಚೆಲ್ಲಿಬಿಡುತ್ತಿದ್ದರು. ಕಳೆದ ವರ್ಷ ನಿವೃತ್ತರಾಗಿ ಮಗಳ ಊರಿಗೆ ಹೋದರು. ಅವರ ಕುರ್ಚಿಯ ಕಾಲು ಅಲುಗುತ್ತಿತ್ತು. ರಿಪೇರಿಗೆ ಹೋದದ್ದು ತಿರುಗಿ ಬರಲಿಲ್ಲ. ಅವರ ಜಾಗಕ್ಕೆ ಯಾರೂ ಬರಲಿಲ್ಲ.

ಕಾರ್ಖಾನೆಯ ಗೇಟಿನ ಹೊರಗೆ, ಬಸ್ಸಿನ ನಿಲ್ದಾಣದಲ್ಲಿ ಅವಳು ಸ್ವೆಟರಿನ ತೋಳು ಕೆಳಗೆಳೆದುಕೊಂಡು ಕುಳಿತಳು. ಮೂಸುವ ಕೋಣೆ ಬೇಸಿಗೆಯಲ್ಲೂ ತಂಪು. ಕೆಲಸದ ಸ್ವೆಟರಿನಲ್ಲೇ ಹೊರಟು ಬಂದಿದ್ದಳು. ಚೀಲದಲ್ಲಿ ವಾಪಸ್ ಬಂದ ಬಾಟಲಿ ಇತ್ತು. ಮುಚ್ಚಳದ ಪುಟ್ಟ ಕಪ್ಪೊಂದರಲ್ಲಿ ಹೋಲಿಕೆಯ ಬಾಟಲಿಯಿಂದ ತೆಗೆದ ಒಂದಷ್ಟು ಲೋಷನ್ನೂ ಇತ್ತು. ಒಂದನ್ನೇ ಮೂಸಿದರೆ ಏನೂ ತಿಳಿಯುವುದಿಲ್ಲ, ಏನನ್ನಾದರೂ ಪಕ್ಕದಲ್ಲಿಟ್ಟುಕೊಂಡೇ ಮೂಸಬೇಕು ಎಂಬುದು ಅವಳಿಗೆ ರಕ್ತಗತವಾಗಿತ್ತು.

ಮೂಗು ಹೋಗಿದೆಯೋ ಇಲ್ಲವೋ, ಸೋಮವಾರದ ತನಕ ಕಾಯುವುದು ಅವಳಿಂದಾಗದು. ಇನ್ನೊಂದು ಮೂಗು ಬೇಕು. ಕಾರ್ಖಾನೆಯದಲ್ಲದ, ಹೊರಗಿನ ಮೂಗು. ಯಾರನ್ನು ಕೇಳುವುದು ಎಂದು ಯೋಚಿಸಿದಳು. ಕೆಳಮನೆಯ ದರ್ಜಿಯ ಹೆಂಡತಿ ಮೆಟ್ಟಿಲಲ್ಲಿ ಸಿಕ್ಕಾಗ ನಗುತ್ತಾಳೆ, ಅಷ್ಟೇ. ಅವಳ ಹೆಸರು ಗೊತ್ತಿಲ್ಲ. ಹಾಲಿನ ಅಂಗಡಿಯವನ ಜೊತೆ ಚಿಲ್ಲರೆಯ ಮಾತು ಬಿಟ್ಟು ಬೇರೆ ಆಡಿದ್ದಿಲ್ಲ. ಬಸ್ಸು ಬಂತು, ಹೋಯಿತು. ಊರು ತುಂಬ ಮೂಗುಗಳಿದ್ದವು. ಬಾಗಿಲು ತಟ್ಟಿ ಕೇಳಬಹುದಾದದ್ದು ಒಂದೂ ನೆನಪಿಗೆ ಬರಲಿಲ್ಲ.

ಮೂಗನ್ನು ಕಾಪಾಡಿಕೊಳ್ಳಲು ಅವಳು ಬದುಕನ್ನು ಹಾಗೆ ಕಟ್ಟಿಕೊಂಡಿದ್ದಳು. ಮನೆಯಲ್ಲಿ ಪರದೆಗಳಿಲ್ಲ, ಬಟ್ಟೆ ವಾಸನೆ ಹಿಡಿಯುತ್ತದೆ. ಒಗ್ಗರಣೆ ಇಲ್ಲ, ಬೇಯಿಸಿದ್ದು ಮಾತ್ರ. ಘಮಘಮಿಸುವ ಸಾಬೂನಿಲ್ಲ, ಬಿಸಿನೀರು. ಮದುವೆಯ ಮಾತು ಬಂದಿದ್ದಾಗ ಹುಡುಗನ ಅಂಗಿಯಲ್ಲಿ ಸಿಗರೇಟಿನ ಘಾಟು ಇತ್ತು. ಅವಳು ಅದನ್ನು ಅಲ್ಲೇ ಹೇಳಿದ್ದಳು, ಮಾತು ಅಲ್ಲಿಗೇ ನಿಂತಿತ್ತು. ಒಲೆ ಹಚ್ಚಿದರೆ ಎರಡು ಹೊತ್ತಿಗೆ ಆಗುವಷ್ಟು ಬೇಯಿಸಿ, ಮರುದಿನ ಅದನ್ನೇ ತಿನ್ನುತ್ತಿದ್ದಳು. ಒಬ್ಬಳಿಗೋಸ್ಕರ ದಿನಾ ಪಾತ್ರೆ ತೊಳೆಯುವುದ್ಯಾಕೆ?

ಕೊನೆಗೆ ತಂಗಿಯ ಮನೆಯ ಕಡೆಗೆ ಹೋಗುವ ಬಸ್ಸು ಹತ್ತಿದಳು. ಆ ಮನೆಯಲ್ಲಿ ಅವಳಿಗೆ ಸ್ವಾಗತ ಹೇಗಿರುತ್ತದೆ ಎಂಬ ಬಗ್ಗೆ ಭ್ರಮೆ ಇರಲಿಲ್ಲ. ಅವರು ಆ ಮನೆ ಕೊಂಡ ಹೊಸತರಲ್ಲಿ ನಂಟರಿಷ್ಟರನ್ನು ಊಟಕ್ಕೆ ಕರೆದಿದ್ದರು. ಹಜಾರದಲ್ಲಿ ಎಲ್ಲರೂ ಗೋಡೆಯ ಬಣ್ಣ ಹೊಗಳುತ್ತಿದ್ದಾಗ ಇವಳು ಮೂಗು ಎತ್ತಿ, "ಈ ಗೋಡೆ ಒಳಗೆ ನೀರು ಸೋರ್ತಿದೆ, ಮುಗ್ಗಲು ವಾಸನೆ ಬರ್ತಿದೆ" ಎಂದಿದ್ದಳು. ತಂಗಿಯ ಗಂಡ ನಕ್ಕಿದ್ದ, ತಂಗಿ ನಕ್ಕಿರಲಿಲ್ಲ. ಅದಾದ ಮೇಲೆ ಅವರಿಬ್ಬರದು ಫೋನಿನ ಸಂಬಂಧ. ಮುಖ ನೋಡಿದ್ದು ಒಂದೇ ಸಲ, ಕಳೆದ ವರ್ಷ ತಂಗಿಯ ಅತ್ತೆ ಬಿದ್ದು ಕಾಲು ಮುರಿದುಕೊಂಡಾಗ, ಆಸ್ಪತ್ರೆಯಲ್ಲಿ.

ಬಾಗಿಲು ತೆರೆದ ತಂಗಿಯ ಕೈಯಲ್ಲಿ ಸೌಟಿತ್ತು.

"ಅಕ್ಕಾ! ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಿನ್ನ ಮೂಗು ಬೇಕಿತ್ತು."

"ನನ್ನ ಏನು?"

"ಮೂಗು. ಐದು ನಿಮಿಷ ಸಾಕು."

ಒಳಗಿನಿಂದ ಮುದುಕಿಯ ದನಿ ಬಂತು. "ಯಾರೇ ಅದು?"

"ಅಕ್ಕ, ಅತ್ತೆ."

"ಯಾವ ಅಕ್ಕ? ಗೋಡೆ ಅಕ್ಕಾನಾ?"

ತಂಗಿ ನಾಲಿಗೆ ಕಚ್ಚಿಕೊಂಡಳು. ಈ ಮನೆಯಲ್ಲಿ ತನಗೆ ಇನ್ನೊಂದು ಹೆಸರಿದೆ ಎಂದು ಮೂಗಕ್ಕನಿಗೆ ಗೊತ್ತಾದದ್ದು ಹೀಗೆ.

ಹಜಾರದಲ್ಲಿ ಅತ್ತೆ ಕಾಲು ನೀಡಿಕೊಂಡು ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತಿದ್ದರು. ಮೂಗಕ್ಕನ ಕಣ್ಣು ತಾನಾಗಿ ಗೋಡೆಗೆ ಹೋಯಿತು. ನಡುವೆ ಒಂದು ಬಾಗಿಲಿನಷ್ಟು ಅಗಲದ ಭಾಗ ಉಳಿದದ್ದಕ್ಕಿಂತ ಬೇರೆ ಬಣ್ಣದಲ್ಲಿತ್ತು. ಒಡೆದು ಮತ್ತೆ ಗಾರೆ ಮಾಡಿದ್ದು.

"ಸೋರ್ತಿತ್ತಾ?"

"ಸೋರ್ತಿತ್ತು," ಎಂದಳು ತಂಗಿ. "ನೀನು ಬಂದು ಹೋದ ಮಳೆಗಾಲದಲ್ಲೇ ಕಿತ್ತಿಸಿದ್ವಿ. ಪೈಪು ಒಡೆದಿತ್ತು."

"ಹೇಳ್ಲೇ ಇಲ್ಲ."

"ಏನಂತ ಹೇಳ್ಲಿ? ನೀನು ಹೇಳಿದ್ದು ಸುಳ್ಳಾಗಿದ್ರೆ ಎರಡು ದಿನ ಬೈದು ಮರೀತಿದ್ದೆ. ನಿಜ ಆಯ್ತಲ್ಲ, ಅದೇ ಸಿಟ್ಟು."

"ಬಂದವಳನ್ನ ನಿಲ್ಲಿಸ್ಕೊಂಡು ಜಗಳ ಆಡ್ತೀಯಲ್ಲೇ," ಎಂದರು ಅತ್ತೆ. "ಮೊದಲು ಕೂರಿಸು. ಆಮೇಲೆ ಆಡು."

ಕುಳಿತಳು. ಚೀಲದಿಂದ ಸಾಮಾನು ತೆಗೆದಳು. ತಂಗಿಗೆ ಕೈ ತೊಳೆದು ಬರಲು ಹೇಳಿದಳು. ತಂಗಿ "ಡಾಕ್ಟ್ರು ಬಂದ್ರಪ್ಪ" ಎಂದು ಗೊಣಗುತ್ತ ತೊಳೆದು ಬಂದಳು. ಮೂಗಕ್ಕ ಅವರಿಗೆ ಬೆನ್ನು ಮಾಡಿ ಎರಡು ಪಟ್ಟಿಗಳನ್ನು ಅದ್ದಿದಳು, ಒಂದು ಬಾಟಲಿಗೆ, ಒಂದು ಕಪ್ಪಿಗೆ. ಯಾವುದು ಯಾವುದೆಂದು ಹೇಳಲಿಲ್ಲ. ತಂಗಿ ಮೂಸುವಾಗ ಅವಳು ತಂಗಿಯ ಮುಖ ನೋಡಬಾರದೆಂದು ಬೇಕೆಂದೇ ಗೋಡೆ ನೋಡಿದಳು. ಮೂಸುವವರ ಮುಖ ನೋಡಿದರೆ ಉತ್ತರ ಬದಲಾಗುತ್ತದೆ.

"ಇದಕ್ಕೂ ಅದಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ?"

ತಂಗಿ ಮತ್ತೆ ಎರಡನ್ನೂ ಮೂಸಿದಳು. "ಇಲ್ಲ. ಎರಡೂ ಒಂದೇ."

ಮೂಗಕ್ಕ ಗೋಡೆಯಿಂದ ಕಣ್ಣು ತೆಗೆದಳು. ಮೂಗು ಹೋಗಿಲ್ಲ. ಕೆಮಿಸ್ಟನದೇ ತಪ್ಪು. ನಾಳೆ ಅವನೆದುರು ನಿಂತು ಏನು ಹೇಳಬೇಕೆಂಬ ಮಾತು ಕೂಡ ಬಾಯಿಗೆ ಬಂತು.

"ಎರಡೂ ನಾರ್ತಿವೆ," ಎಂದಳು ತಂಗಿ.

"ಎರಡೂನಾ?"

"ಹೂಂ. ಎಣ್ಣೆ ಕಮಟು. ಹಳೇ ಬಣ್ಣದ ಕಡ್ಡಿ ಡಬ್ಬಿ ಮುಚ್ಚಳ ತೆಗೆದ ಹಾಗೆ. ಇದನ್ನ ಜನ ಮುಖಕ್ಕೆ ಹಚ್ಕೋತಾರಾ?"

"ಕೊಡಿಲ್ಲಿ," ಎಂದು ಅತ್ತೆ ಕೈ ಚಾಚಿದರು. ಪಟ್ಟಿಯನ್ನು ಮೂಗಿನ ಹತ್ತಿರ ತಂದರು. ಇನ್ನೂ ಪೂರ್ತಿ ತಂದಿರಲಿಲ್ಲ, ಕೆಳಗಿಳಿಸಿದರು. ಮೂಗಕ್ಕನನ್ನು ನೋಡಿದರು, ಪಟ್ಟಿ ನೋಡಿದರು.

"ಇದರಲ್ಲಿ ಕೇಳೋದೇನಿದೆ? ಇದು ಇವಳ ವಾಸನೇನೇ ಅಲ್ವೇನೇ?"

"ಅತ್ತೆ!"

"ಅಯ್ಯೋ, ಇರೋದು ಹೇಳ್ದೆ. ಬಾಗಿಲಲ್ಲಿ ಬಂದಾಗಲೇ ಬಂತು. ಕಂಪನಿಯವಳಲ್ವಾ, ಮೈಗೆ ಹತ್ತಿರುತ್ತೆ ಅಂದ್ಕೊಂಡೆ. ಗೋಡೆ ವಾಸನೆ ಇವಳು ಹೇಳಬಹುದು, ಇವಳ ವಾಸನೆ ನಾನು ಹೇಳಬಾರದಾ?"

ತಂಗಿ ಅಕ್ಕನ ಮುಖ ತಪ್ಪಿಸಿ ಸ್ವೆಟರಿನ ತೋಳು ನೋಡಿದಳು. ಅವಳಿಗೂ ಬಾಗಿಲಲ್ಲೇ ಬಂದಿತ್ತು ಎನ್ನುವುದು ಆ ನೋಟದಲ್ಲಿ ಗೊತ್ತಾಯಿತು.

ಮೂಗಕ್ಕ ಸ್ವೆಟರಿನ ತೋಳಿನ ಅಂಚನ್ನು ಮೂಗಿಗೆ ಹಿಡಿದಳು. ಅದಕ್ಕೆ ಅವಳದೇ ವಾಸನೆ ಇತ್ತು, ಅಂದರೆ ಏನೂ ಇರಲಿಲ್ಲ. ಪ್ರತಿದಿನ ಎಡಮುಂಗೈಗೊಂದು ತೊಟ್ಟು, ಬಲಮುಂಗೈಗೊಂದು ತೊಟ್ಟು. ಸಂಜೆ ಸಾಬೂನಿಲ್ಲದೆ ಬರೀ ಬಿಸಿನೀರಿನಲ್ಲಿ ತೊಳೆದ ಕೈ. ಮೇಲೆ ಎಳೆದುಕೊಂಡ ತೋಳು. ಉಣ್ಣೆ ಎಣ್ಣೆಯನ್ನು ಬಿಡುವುದಿಲ್ಲ. ಇದನ್ನು ಬೇರೆಯವರ ಸ್ವೆಟರಿನಲ್ಲಾದರೆ ಅವಳು ಬಾಗಿಲಾಚೆಯಿಂದಲೇ ಹೇಳುತ್ತಿದ್ದಳು.

"ಆಸ್ಪತ್ರೆಗೆ ಬಂದಿದ್ದೆನಲ್ಲ, ಆಗ ಇತ್ತಾ ಈ ವಾಸನೆ?"

ತಂಗಿ ಯೋಚಿಸಿದಳು. "ಇರ್ಲಿಲ್ಲ. ಆಗ ನಿಂಗೆ ಯಾವ ವಾಸನೇನೂ ಇರ್ಲಿಲ್ಲ. ಅದೇ ಒಂಥರಾ ಅನಿಸಿತ್ತು ನಂಗೆ. ತಬ್ಕೊಂಡ್ರೆ ಗಾಜು ತಬ್ಕೊಂಡ ಹಾಗೆ."

ಅತ್ತೆ ಕಾಲನ್ನು ಸರಿಪಡಿಸಿಕೊಂಡರು. "ಒಬ್ಬರೇ ಇದ್ರೆ ಹಾಗೇನಮ್ಮ. ನನ್ನ ವಾಸನೆ ನಂಗೇನು ಗೊತ್ತಾಗುತ್ತಾ? ಸೊಸೆ ಮುಖ ನೋಡಿ ಸ್ನಾನಕ್ಕೆ ಹೋಗ್ತೀನಿ."

ಆಸ್ಪತ್ರೆಗೆ ಹೋದಾಗ ಮೇಷ್ಟ್ರು ಇನ್ನೂ ಕೆಲಸದಲ್ಲಿದ್ದರು. ಮೂಗಕ್ಕ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. ಎರಡು ರೈಲುಗಳು ಪಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಓಡಿದರೆ ಒಳಗೆ ಕೂತವರಿಗೆ ಯಾವುದೂ ಓಡಿದಂತೆ ಕಾಣುವುದಿಲ್ಲ. ಬಿಸಿ ಬೀರುವಿನ ಬಾಟಲಿ ಕೆಡುತ್ತಿತ್ತು. ಮೇಜಿನ ಮೇಲಿನ ಹೋಲಿಕೆಯ ಬಾಟಲಿಯೂ ಅದರ ಜೊತೆಜೊತೆಗೇ ಕೆಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆದರೆ ಅದರಿಂದ ಮೂಗು ಸರಿ ಇದೆ ಎಂದಾಗಲಿಲ್ಲ. ತಂಗಿಗೆ ಎರಡೂ ನಾರಿದ್ದವು. ಅವಳಿಗೆ ಎರಡೂ ನಾರಿರಲಿಲ್ಲ. ಅದು ರೂಢಿಯೋ, ಕುರುಡೋ? ಗೊತ್ತುಮಾಡಿಕೊಳ್ಳಲು ಒಂದೇ ದಾರಿ ಇತ್ತು, ಅದು ಕಾರ್ಖಾನೆಯ ತಣ್ಣನೆ ಬೀರುವಿನಲ್ಲಿತ್ತು. ಅವಳು ಎದ್ದಳು.

"ಊಟ ಮಾಡ್ಕೊಂಡು ಹೋಗು."

"ಐದಕ್ಕೆ ಲ್ಯಾಬ್ ಬಾಗಿಲು ಹಾಕ್ತಾರೆ."

"ಹಾಗಾದ್ರೆ ಅದನ್ನಾದ್ರೂ ಬಿಚ್ಚಿ ಕೊಡು." ತಂಗಿ ಸ್ವೆಟರಿನ ತೋಳು ಹಿಡಿದು ಎಳೆದಳು, ಚಿಕ್ಕಂದಿನಲ್ಲಿ ಜಗಳಕ್ಕೆ ಬಂದಾಗ ಎಳೆಯುತ್ತಿದ್ದ ಹಾಗೆ. "ಒಗೆದಿಡ್ತೀನಿ. ಇದನ್ನ ಹಾಕ್ಕೊಂಡು ಬಸ್ಸಲ್ಲಿ ಬಂದ್ಯಾ? ಪಕ್ಕ ಯಾರೂ ಕೂತಿರ್ಲಿಲ್ಲ ಅಲ್ವಾ?"

ಯಾರೂ ಕೂತಿರಲಿಲ್ಲ. ಅವಳು ಅದನ್ನು ಗಮನಿಸಿರಲೂ ಇಲ್ಲ. ಅವಳ ಪಕ್ಕದ ಸೀಟು ಯಾವಾಗಲೂ ಖಾಲಿಯೇ.

ಕಾರ್ಖಾನೆ ತಲುಪಿದಾಗ ಬಿಸಿಲು ಇನ್ನೂ ಇತ್ತು. ಕೆಮಿಸ್ಟ್ ಮೀಟಿಂಗಿನಲ್ಲಿದ್ದ. ಅವಳು ಮೊದಲು ಕೈಗಳನ್ನು ವಾಸನೆಯಿಲ್ಲದ ಲ್ಯಾಬಿನ ಸೋಪಿನಲ್ಲಿ ಮೊಣಕೈ ತನಕ ಉಜ್ಜಿ ತೊಳೆದಳು. ಅಂಗಳದಲ್ಲಿ, ಮರದ ಕೆಳಗೆ, ಮೂಗಿಗೆ ಬರೀ ಗಾಳಿ ಸಿಗಲೆಂದು ಸ್ವಲ್ಪ ಹೊತ್ತು ನಿಂತಳು. ಸ್ವೆಟರಿಲ್ಲದ ಒದ್ದೆ ತೋಳಿಗೆ ಚಳಿಯಾಗುತ್ತಿತ್ತು.

ತಣ್ಣನೆ ಬೀರುವಿನ ಹಿಂದಿನ ಸಾಲಿನಲ್ಲಿ ಆ ಲೋಷನ್ನಿನ ಕಂದು ಬಾಟಲಿಗಳು ಮೇಷ್ಟ್ರು ಜೋಡಿಸಿಟ್ಟ ಹಾಗೇ ಇದ್ದವು, ಸೀಲು ಮುರಿಯದೆ, ಸಾಲು ತಪ್ಪದೆ. ಮೂಸುವ ಪ್ರತಿಸಲವೂ ಅದರಲ್ಲಿ ಒಂದನ್ನು ಒಡೆಯಬೇಕು, ಉಳಿದದ್ದು ಚೆಲ್ಲಬೇಕು. ಮೂವರಿದ್ದಾಗ ಪುಟ್ಟ ಬಾಟಲಿ ಸರಿಹೋಗುತ್ತಿತ್ತು. ಒಬ್ಬಳೇ ಆದ ಮೇಲೆ ಅದ್ದಿದ ಪಟ್ಟಿಗೆ ಎಷ್ಟು ಹತ್ತುತ್ತದೆ? ಬಾಟಲಿ ತುಂಬ ಉಳಿಯುತ್ತಿತ್ತು. ಮೇಷ್ಟ್ರು ಹೋದ ಮೊದಲ ವಾರ ಅವಳು ಒಂದನ್ನು ಒಡೆದು, ಚೆಲ್ಲಲು ಕೈ ಬಾರದೆ, ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟಿದ್ದಳು. ಮರುದಿನ ಅದನ್ನೇ ತೆರೆದಳು. ಒಬ್ಬಳಿಗೋಸ್ಕರ ಇನ್ನೊಂದು ಯಾಕೆ? ಯಾವ ನಿಯಮ ಮುರಿಯುತ್ತಿದ್ದೇನೆ ಎನಿಸಿರಲೂ ಇಲ್ಲ. ಮನೆಯಲ್ಲಿ ನಿನ್ನೆಯ ಪಾತ್ರೆಯ ಮುಚ್ಚಳ ತೆಗೆಯುವ ಕೈಯೇ ಇಲ್ಲೂ ತೆಗೆದಿತ್ತು. ಮೇಜಿನ ಪಕ್ಕದ ಗೋಡೆಯಾಚೆ ಬಿಸಿ ಬೀರು ಇತ್ತು. ದಿನವೂ ಮುಚ್ಚಳ ತೆರೆದಾಗ ಒಂದಷ್ಟು ಲೋಷನ್ ಹೋಗುತ್ತಿತ್ತು, ಅಷ್ಟೇ ಗಾಳಿ ಬರುತ್ತಿತ್ತು.

ಇಕ್ಕಳದಿಂದ ಹೊಸ ಬಾಟಲಿಯ ಸೀಲು ಒಡೆದಳು. ಪಟ್ಟಿ ಅದ್ದಿ, ಕಣ್ಣು ಮುಚ್ಚಿದಳು.

ಮೊದಲು ಏನೂ ಬರಲಿಲ್ಲ. ಆಮೇಲೆ, ತಣ್ಣಗಿದ್ದದ್ದು ಕೋಣೆಯ ಕಾವಿಗೆ ಬಂದಂತೆ, ನಿಧಾನವಾಗಿ ಬಂತು: ಆಗತಾನೆ ಸಿಪ್ಪೆ ಸುಲಿದ ಸೌತೆಕಾಯಿಯಂಥದ್ದು, ಅದರ ಹಿಂದೆ ಹಾಲಿನ ಕೆನೆಯಂಥದ್ದು. ಈ ಲೋಷನ್ ಹೀಗಿತ್ತು ಎಂಬುದು ಅವಳಿಗೆ ಮರೆತೇಹೋಗಿತ್ತು. ಮೇಜಿನ ಮೇಲಿನ ಬಾಟಲಿಯ ಮುಚ್ಚಳ ತೆಗೆದಳು. ಪಟ್ಟಿಯೂ ಬೇಕಾಗಲಿಲ್ಲ. ರಟ್ಟು, ಮೇಣ, ಕಡಲೆಕಾಯಿ ಎಣ್ಣೆ, ಎಲ್ಲ ಒಟ್ಟಿಗೆ ಬಂದು ಗಂಟಲಿಗೆ ಹತ್ತಿತು. ಅವಳು ಮುಖ ತಿರುಗಿಸಿಕೊಂಡಳು.

ಮೂಗು ಸರಿಯಾಗಿತ್ತು. ಅದು ಸರಿಯಾಗಿದ್ದರಿಂದ ಉಳಿದದ್ದೆಲ್ಲ ತಪ್ಪಾಗಿತ್ತು.

ಒಂದು ಗಳಿಗೆ ಅವಳ ಕೈ ಆ ಬಾಟಲಿಯ ಮೇಲೇ ಇತ್ತು. ಪಕ್ಕದಲ್ಲೇ ತೊಟ್ಟಿ. ಚೆಲ್ಲಿ ತೊಳೆದರೆ ಮುಗಿಯಿತು. ಸೋಮವಾರ ಡಾಕ್ಟರು ಮೂಗು ಚೆನ್ನಾಗಿದೆ ಎನ್ನುತ್ತಾರೆ. ಲೋಷನ್ ಬಿಸಿಲಿಗಿಟ್ಟಿರಬೇಕೆಂದು ಗೋದಾಮಿನವರನ್ನು ಕೇಳುತ್ತಾರೆ. ಅವಳ ಕೋಣೆ ಅವಳಿಗುಳಿಯುತ್ತದೆ. ಮುಂದಿನ ವಾರ ಮತ್ತೆ ಅವಳೊಬ್ಬಳೇ ಬಂದು ಕೂತು, ಇದು ಅದರ ಹಾಗಿದೆಯೋ ಇಲ್ಲವೋ ಎಂದು ಹೇಳುತ್ತಾಳೆ. ಹೌದೋ ಅಲ್ಲವೋ ಎಂದು ಹೇಳುವವರು ಯಾರೂ ಇರುವುದಿಲ್ಲ.

ಎರಡೂ ಬಾಟಲಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕಾರಿಡಾರಿಗೆ ಬಂದು, ಮೀಟಿಂಗಿನ ಬಾಗಿಲ ಹೊರಗೆ ನಿಂತಳು. ಹೊರಬಂದ ಕೆಮಿಸ್ಟ್ ಅವಳನ್ನು ಕಂಡು ಗಾಬರಿಯಾದ.

"ಮನೆಗೆ ಹೋಗ್ಲಿಲ್ವಾ ಅಕ್ಕಾ?"

"ಹೋಗ್ಲಿಲ್ಲ. ಇದನ್ನ ಮೂಸಿ. ಆಮೇಲೆ ಇದನ್ನ."

ಮೂಸಿದ. ಎರಡನೆಯದಕ್ಕೆ ತಲೆ ಹಿಂದೆಳೆದುಕೊಂಡ.

"ಮೊದಲಿನದು ಇವತ್ತು ಒಡೆದ ಹೋಲಿಕೆ. ಎರಡನೇದು ನಾನು ದಿನಾ ಇಟ್ಕೊಂಡು ನೋಡ್ತಿದ್ದ ಹೋಲಿಕೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬೂಟಿನ ತುದಿ ನೋಡಲಿಲ್ಲ, ಅವಳನ್ನೇ ನೋಡಿದ.

"ಯಾವಾಗಿಂದ ಇದೆ ಇದು ಮೇಜಿನ ಮೇಲೆ?"

"ಮೇಷ್ಟ್ರು ಹೋದಾಗಿಂದ."

"ಪ್ರತಿ ಸಲ ಹೊಸದು ಒಡೀಬೇಕಲ್ವಾ?"

"ಒಡೀಬೇಕು."

"ಮತ್ತೆ?"

"ಒಬ್ಬಳಿಗೆ ಯಾಕೆ ಅಂತ." ಹೇಳಿದ ಮೇಲೆ ಆ ಮಾತು ಕಾರಿಡಾರಿನಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. "ಉಳಿದ ಕ್ರೀಮುಗಳದ್ದೂ ಹಾಗೇ ಮಾಡಿದೀನಿ. ಎಲ್ಲಾ ಮತ್ತೆ ನೋಡ್ಬೇಕು."

ಅವನು ಗೋಡೆಗೊರಗಿದ. "ಬೆಳಿಗ್ಗೆ ನಾನೂ ಒಳಗೆ ಬಂದು ಆ ಬಾಟಲಿ ಮೂಸಿದ್ರೆ ಆಗ್ತಿತ್ತು. ನಿಯಮ ಅಂತ ಬಾಗಿಲಲ್ಲೇ ನಿಂತೆ." ಆಮೇಲೆ ಕೇಳಿದ, "ಡಾಕ್ಟ್ರ ಹತ್ರ ಹೋಗೋದು ಬೇಡ ಹಾಗಾದ್ರೆ?"

"ಮೂಗಿಗೆ ಬೇಡ," ಎಂದಳು.

ಆ ಶನಿವಾರ ತಂಗಿಯ ಫೋನು ಬಂತು. "ಎರಡು ಸಲ ಒಗೆದೆ ನಿನ್ನ ಸ್ವೆಟರು. ಇನ್ನೂ ಒಂಚೂರು ಇದೆ. ಒಣಗಿದೆ, ಬಂದು ತಗೊಂಡು ಹೋಗು."

"ಯಾವ ಪೌಡರ್ ಹಾಕಿದೆ?"

"ನೋಡು, ಶುರು ಹಚ್ಕೊಂಡ್ಲು! ಘಮಘಮ ಅಂತಿರೋದೇ ಹಾಕಿದೀನಿ. ಏನೀಗ?"

"ಕೆಲಸಕ್ಕೆ ಹಾಕ್ಕೊಳ್ಳೋಕಾಗಲ್ಲ."

"ಹಾಗಾದ್ರೆ?"

"ಅಲ್ಲೇ ಇರಲಿ. ನಿಮ್ಮನೆಗೆ ಬಂದಾಗ ಹಾಕ್ಕೋತೀನಿ."

ಆಚೆ ಕಡೆ ಅತ್ತೆ "ಯಾವಾಗ ಬರ್ತಾಳಂತೆ?" ಎಂದು ಕೇಳುವುದು ಕೇಳಿಸಿತು. ಅವಳು ಉತ್ತರ ಹುಡುಕುವಷ್ಟರಲ್ಲಿ ಒಲೆಯ ಮೇಲೆ ಏನೋ ಉಕ್ಕಿ, ತಂಗಿ ಫೋನು ಇಟ್ಟಳು.

ಅಂಗಡಿಗಳಿಂದ ಲೋಷನ್ನನ್ನು ವಾಪಸ್ ತರಿಸಲಾಯಿತು. ಎಣ್ಣೆ ಕಡಿಮೆಯಿದ್ದ ಕ್ರೀಮುಗಳಿಗೆ ಏನೂ ಆಗಿರಲಿಲ್ಲ. ಇನ್ನೊಂದು ತಯಾರಿಕೆ ಮಾತ್ರ ಅನುಮಾನದಲ್ಲಿತ್ತು. ಮೂಗಕ್ಕನಿಗೆ ಬರವಣಿಗೆಯಲ್ಲಿ ಎಚ್ಚರಿಕೆ ಬಂತು, ಕೆಲಸ ಉಳಿಯಿತು. ಒಬ್ಬರೇ ಮೂಸಿದ ಫಲಿತಾಂಶ ಇನ್ನು ಮುಂದೆ ಲೆಕ್ಕಕ್ಕಿಲ್ಲ ಎಂದು ಕೆಮಿಸ್ಟ್ ಹೊಸ ಸೂಚನೆ ಹೊರಡಿಸಿದ. ಮುಂದಿನ ವಾರ ಮೂಸುವ ಕೋಣೆಗೆ ಎರಡನೇ ಕುರ್ಚಿ ಬಂತು. ಅದರಲ್ಲಿ ಕೂರುವವರನ್ನು ಇನ್ನೂ ನೇಮಿಸಿರಲಿಲ್ಲ. ಮೂಗಕ್ಕ ಹೊಸ ಬಾಟಲಿಯ ಸೀಲು ಒಡೆದು, ಎರಡು ಪಟ್ಟಿಗಳನ್ನು ಅದ್ದಿ ಮೂಸಿ, ಉಳಿದದ್ದನ್ನು ತೊಟ್ಟಿಗೆ ಚೆಲ್ಲಿದಳು.